ಕೊಳವೆಬಾವಿ ಬತ್ತಿದಾಗ ಜಲಮಂಡಳಿಯ ಲೆಕ್ಕಪತ್ರದಲ್ಲಿ ಏನಾಗುತ್ತದೆ?

2024ರ ಮಾರ್ಚ್ ಮೊದಲ ವಾರ. ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ಒಂದು ಬಡಾವಣೆಯಲ್ಲಿ, ಬೆಳಗಿನ ಐದೂವರೆಗೆ, ನೀರು ಬಿಡುವವರು ಸ್ಟಾರ್ಟರ್‌ನ ಹಸಿರು ಗುಂಡಿ ಒತ್ತಿ ಹೊರಬಂದು, ಕೊಳವೆಬಾವಿಯ ಬಾಯಿಂದ ಮೇಲೆದ್ದ ಪೈಪಿನ ಮೇಲೆ ಅಂಗೈ ಇಟ್ಟು ನಿಂತರು. ನೀರು ಏರುತ್ತಿರುವ ಪೈಪು ತಣ್ಣಗಿರುತ್ತದೆ, ಒಂದೇ ಸಮನೆ ನಡುಗುತ್ತದೆ. ಮೀಟರಿಗಿಂತ ಅವರಿಗೆ ಆ ನಡುಕದ ಮೇಲೆಯೇ ನಂಬಿಕೆ. ಅಂದು ಪೈಪು ಎರಡು ಸಲ ಕೆಮ್ಮಿತು, ಒಂದಷ್ಟು ಕೆಂಪು ರಾಡಿಯನ್ನು ಉಗುಳಿತು, ಆಮೇಲೆ ಬುಸ್ಸೆಂದು ಗಾಳಿ. ಅವರು ಓಡಿಹೋಗಿ ಮೋಟಾರ್ ಆರಿಸಿದರು. ‘ಗಾಳಿ ಎಳೆಯುತ್ತಿದೆ ಸರ್. ಹೀಗೇ ಬಿಟ್ಟರೆ ಮೋಟಾರ್ ಸುಟ್ಟುಹೋಗುತ್ತದೆ. ಎರಡು ಗಂಟೆ ಬಿಟ್ಟು ನೋಡೋಣ’ ಎಂದರು. ಎರಡು ಗಂಟೆ ಬಿಟ್ಟು ಓಡಿಸಿದಾಗ ನೀರು ಬಂದದ್ದು ಹತ್ತು ನಿಮಿಷ. ಮೂರು ವಾರಗಳಲ್ಲಿ ಅದೂ ನಿಂತಿತು.

ಆ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಹೀಗೆ ಬತ್ತಿದ ಸರ್ಕಾರಿ ಕೊಳವೆಬಾವಿಗಳ ಸಂಖ್ಯೆ 6,900. ಇದ್ದದ್ದು ಸುಮಾರು 14,000. ಹತ್ತಿರ ಹತ್ತಿರ ಅರ್ಧಕ್ಕರ್ಧ. ಮಾರ್ಚ್ 18ರಂದು ಅಧಿಕಾರಿಗಳ ಸಭೆ ನಡೆಸಿದ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ನಗರದ ನೀರಿನ ಲೆಕ್ಕವನ್ನು ಜನರ ಮುಂದಿಟ್ಟರು. ದಿನಕ್ಕೆ ಬೇಕಾದದ್ದು 260 ಕೋಟಿ ಲೀಟರ್. ಕಾವೇರಿಯಿಂದ ಬರುತ್ತಿದ್ದದ್ದು 147 ಕೋಟಿ ಲೀಟರ್, ಕೊಳವೆಬಾವಿಗಳಿಂದ 65 ಕೋಟಿ ಲೀಟರ್. ಕೊರತೆ ಸುಮಾರು 50 ಕೋಟಿ ಲೀಟರ್.

ಈ ಲೆಕ್ಕದಲ್ಲಿ ಹಲವರು ಗಮನಿಸದೆ ಬಿಟ್ಟ ಒಂದು ಸಂಗತಿ ಇದೆ. ಕೈಕೊಟ್ಟದ್ದು ಕಾವೇರಿಯಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ತಮಿಳುನಾಡಿಗೆ ನೀರು ಬಿಡುವ ಆದೇಶದ ವಿರುದ್ಧ ಆ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಬಂದ್, ಕರ್ನಾಟಕ ಬಂದ್ ಎರಡೂ ನಡೆದವು. ಆದರೂ ನಗರದ ಪಾಲಿನ ಕಾವೇರಿ ನೀರು ಹೆಚ್ಚುಕಡಿಮೆ ಎಂದಿನಂತೆಯೇ ಬಂತು, ಏಕೆಂದರೆ ಕುಡಿಯುವ ನೀರಿಗೆ ಮೊದಲ ಆದ್ಯತೆ. ದಿನಕ್ಕೆ 147 ಕೋಟಿ ಲೀಟರ್ ಎಂದರೆ ತಿಂಗಳಿಗೆ ಒಂದೂವರೆ ಟಿಎಂಸಿ ಅಡಿಯಷ್ಟೇ. ಜಲಾಶಯ ಅರೆಬರೆ ತುಂಬಿದ್ದರೂ ಅಷ್ಟನ್ನು ಕೊಡಬಲ್ಲದು. ಮಲ್ಲೇಶ್ವರ, ಬಸವನಗುಡಿಯ ನಲ್ಲಿಗಳಲ್ಲಿ ನೀರು ಬರುತ್ತಿದ್ದಾಗಲೇ ಮಹದೇವಪುರ, ವರ್ತೂರು, ಹೊರಮಾವು ಕಡೆ ಜನ ಟ್ಯಾಂಕರ್‌ಗಾಗಿ ರಾತ್ರಿಯೆಲ್ಲ ಕಾದರು. ಬರ ಮುರಿದದ್ದು ನೆಲದಡಿಯ ನೀರನ್ನು ನೆಚ್ಚಿದ್ದ ಅರ್ಧ ನಗರವನ್ನು.

ನೀರಿನ ಕೊರತೆಯ ಬಗ್ಗೆ ಆಗ ಬೇಕಾದಷ್ಟು ಬರೆದಾಯಿತು. ಅದರ ಬೆನ್ನಿಗೇ ಅಂಟಿಕೊಂಡಿರುವ ಹಣದ ಕೊರತೆಯ ಬಗ್ಗೆ ಬರೆದದ್ದು ಕಡಿಮೆ. ಬರ ಬಂದ ವರ್ಷ ನೀರು ಪೂರೈಸುವ ಸಂಸ್ಥೆಯ ಖರ್ಚು ಏರುತ್ತದೆ, ಅದೇ ಹೊತ್ತಿಗೆ ಆದಾಯ ಇಳಿಯುತ್ತದೆ. ಎರಡೂ ಒಟ್ಟಿಗೆ ಆಗುವುದಕ್ಕೆ ಒಂದು ಕಾರಣವಿದೆ. ನೆಲದಡಿಯ ನೀರನ್ನು ನಾವು ಪಾಸ್‌ಬುಕ್ಕೇ ಇಲ್ಲದ ಉಳಿತಾಯ ಖಾತೆಯಂತೆ ಬಳಸುತ್ತಿದ್ದೇವೆ. ಎಷ್ಟಿದೆ ಎಂದು ಬರೆದಿಡುವವರಿಲ್ಲ, ಎಷ್ಟು ತೆಗೆದೆವು ಎಂದು ಕೇಳುವವರಿಲ್ಲ. ಖಾತೆ ಬರಿದಾದದ್ದು ಗೊತ್ತಾಗುವುದು ಪೈಪು ಕೆಮ್ಮಿದಾಗ.

ಬಂಡೆಯ ಬಿರುಕಿನಲ್ಲಿ ಎಷ್ಟು ನೀರು ನಿಲ್ಲುತ್ತದೆ

ಬೆಂಗಳೂರು ಕುಳಿತಿರುವುದು ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಶಿಲೆಯ ಮೇಲೆ. ಗಂಗಾ ಬಯಲಿನ ಹಾಗೆ ಇಲ್ಲಿ ನೂರಾರು ಅಡಿ ಮರಳಿನ ಪದರವಿಲ್ಲ. ಮೇಲ್ಗಡೆ ಕೆಲವು ಹತ್ತು ಅಡಿಗಳಷ್ಟು ಶಿಥಿಲಗೊಂಡ ಕಲ್ಲು. ನಮ್ಮ ಅಜ್ಜಂದಿರ ತೆರೆದ ಬಾವಿಗಳಿಗೆ ನೀರು ಬರುತ್ತಿದ್ದದ್ದು ಅಲ್ಲಿಂದ. ಅದರ ಕೆಳಗೆ ಇಡಿಯಾದ ಬಂಡೆ, ಅಲ್ಲಲ್ಲಿ ಬಿರುಕು. ಕೊಳವೆಬಾವಿಗೆ ಸೆಲೆ ಸಿಕ್ಕಿತು ಎಂದರೆ ಅಂಥ ಒಂದು ಬಿರುಕನ್ನು ಮುಟ್ಟಿತು ಎಂದೇ ಅರ್ಥ. ಪಕ್ಕದ ಸೈಟಿನಲ್ಲಿ ಎರಡು ಇಂಚು ನೀರು ಸಿಕ್ಕಿ ನಿಮ್ಮಲ್ಲಿ ಬರೀ ಧೂಳು ಬರುವುದು ಇದೇ ಕಾರಣಕ್ಕೆ.

ಇಂಥ ಶಿಲೆ ಹಿಡಿದಿಟ್ಟುಕೊಳ್ಳುವ ನೀರು ತೀರಾ ಕಡಿಮೆ. ಅಂದಾಜಿಗೆ ಶಿಲೆಯ ಗಾತ್ರದ ಶೇ 2 ಎಂದು ಇಟ್ಟುಕೊಳ್ಳೋಣ. ಒಂದು ಮೀಟರ್ ದಪ್ಪದ ಕಲ್ಲಿನ ಪದರದಲ್ಲಿ ಸಿಗುವ ನೀರನ್ನೆಲ್ಲ ಹಿಂಡಿ ತೆಗೆದರೆ ನೆಲದ ಮೇಲೆ ನಿಲ್ಲುವುದು 20 ಮಿಲಿಮೀಟರ್. ಇದರ ಪರಿಣಾಮ ಎರಡು ಕಡೆಗೂ ಇದೆ. ಒಳ್ಳೆಯ ಮಳೆ ಬಂದು 80 ಮಿಲಿಮೀಟರ್ ನೀರು ಇಂಗಿದರೆ ಅಂತರ್ಜಲ ಸರಕ್ಕನೆ ನಾಲ್ಕು ಮೀಟರ್ ಏರುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ. ಇಂಗುವುದು ನಿಂತು, ತೆಗೆಯುವುದು ಮಾತ್ರ ಮುಂದುವರಿದರೆ ಅಷ್ಟೇ ಸರಕ್ಕನೆ ಕುಸಿಯುತ್ತದೆ. ತುಂಬಿದರೆ ಬೇಗ ತುಂಬುವ, ಬರಿದಾದರೆ ಬೇಗ ಬರಿದಾಗುವ ಸಣ್ಣ ಹಂಡೆ ನಮ್ಮದು. ಆ ಹಂಡೆಯ ಬಾಯಿಗೆ ಕಾಂಕ್ರೀಟು, ಡಾಂಬರು ಹಾಕಿ ಮುಚ್ಚಿರುವುದು ಬೇರೆ.

2022ನ್ನು ನೆನೆಯಿರಿ. ಬೆಂಗಳೂರಿನಲ್ಲಿ ದಾಖಲೆಯ ಮಳೆ ಸುರಿದ ವರ್ಷ ಅದು. ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಮಹದೇವಪುರದ ಭಾಗದಲ್ಲಿ ಕಚೇರಿಗೆ ಹೋಗುವವರು ಟ್ರ್ಯಾಕ್ಟರ್ ಹತ್ತಿದರು, ಮನೆಗಳಿಂದ ಜನರನ್ನು ದೋಣಿಯಲ್ಲಿ ಕರೆತಂದರು. ಅದಾಗಿ ಹದಿನೆಂಟು ತಿಂಗಳಿಗೆ ಅದೇ ರಸ್ತೆಗಳಲ್ಲಿ ಟ್ಯಾಂಕರ್ ಸಾಲು. ಸುರಿದ ನೀರು ಇಂಗಲು ಜಾಗವಿಲ್ಲದೆ ರಾಜಕಾಲುವೆ ಹಿಡಿದು ಹೊರಟುಹೋಯಿತು. 2023ರ ಆಗಸ್ಟ್, ದೇಶಕ್ಕೆ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್. ಆ ಮುಂಗಾರಿನ ಪೆಟ್ಟು ಬೆಂಗಳೂರಿನ ಕೊಳವೆಬಾವಿಗೆ ತಟ್ಟಿದ್ದು ಆರು ತಿಂಗಳ ನಂತರ, ಫೆಬ್ರವರಿ–ಮಾರ್ಚ್‌ನಲ್ಲಿ. ಅಂತರ್ಜಲದ ಬರ ಹೀಗೆ ತಡವಾಗಿ ಬರುತ್ತದೆ. ಆ ಆರು ತಿಂಗಳು ಸಂಸ್ಥೆಗೆ ಸಿಗುವ ಮುನ್ಸೂಚನೆ. ನೀರಿನ ಮಟ್ಟವನ್ನು ಪ್ರತಿ ವಾರ ನೋಡುವವರಿದ್ದಿದ್ದರೆ ಅಕ್ಟೋಬರ್‌ನಲ್ಲೇ ಎಚ್ಚರಿಕೆಯ ಗಂಟೆ ಬಾರಿಸಬಹುದಿತ್ತು. ಟ್ಯಾಂಕರ್ ಬಾಡಿಗೆಯ ಟೆಂಡರ್ ಅನ್ನು ಮಾರ್ಚ್‌ನ ಗಡಿಬಿಡಿಯಲ್ಲಿ ಕರೆಯುವುದಕ್ಕೂ ಅಕ್ಟೋಬರ್‌ನಲ್ಲಿ ನಿಧಾನವಾಗಿ ಕರೆಯುವುದಕ್ಕೂ ದರದಲ್ಲಿ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಯಾವ ಗುತ್ತಿಗೆದಾರರೂ ಹೇಳಬಲ್ಲರು.

ಮೋಟಾರ್ ಕೆಳಗಿಳಿದಂತೆ ಬಿಲ್ಲು ಮೇಲೇರುತ್ತದೆ

ಈಗ ಖರ್ಚಿನ ಕಡೆ ನೋಡೋಣ. ಕಾವೇರಿ ನೀರು ದುಬಾರಿ ಎಂಬುದು ಎಲ್ಲರಿಗೂ ಗೊತ್ತು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ ಸುಮಾರು 100 ಕಿಲೋಮೀಟರ್ ದೂರ ತಂದು, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಬೇಕು. ಕೊಳವೆಬಾವಿಯ ನೀರು ಅಗ್ಗ ಎಂಬುದೂ ಎಲ್ಲರ ನಂಬಿಕೆ. ಆ ನಂಬಿಕೆ ಬರಗಾಲದಲ್ಲಿ ನಿಲ್ಲುವುದಿಲ್ಲ.

ಲೆಕ್ಕ ಸರಳ. ಸಾವಿರ ಲೀಟರ್ ನೀರು ಎಂದರೆ ಒಂದು ಟನ್ ತೂಕ. ಅದನ್ನು ಒಂದು ಮೀಟರ್ ಮೇಲೆತ್ತಲು ಏನೂ ಪೋಲಾಗದಿದ್ದರೂ 2.7 ವ್ಯಾಟ್-ಗಂಟೆ ವಿದ್ಯುತ್ ಬೇಕು. ನೀರು 100 ಮೀಟರ್ ಆಳದಲ್ಲಿದ್ದರೆ 0.27 ಯೂನಿಟ್ (ಸಾವಿರ ವ್ಯಾಟ್-ಗಂಟೆಗೆ ಒಂದು ಯೂನಿಟ್). ಆದರೆ ಕೊಳವೆಬಾವಿಯ ಕಿರಿದಾದ ಪೈಪಿನೊಳಗೆ ಕೆಲಸ ಮಾಡುವ ಸಬ್‌ಮರ್ಸಿಬಲ್ ಮೋಟಾರ್ ಎಳೆದುಕೊಂಡ ವಿದ್ಯುತ್ತಿನ ಅರ್ಧವನ್ನೂ ನೀರೆತ್ತಲು ಬಳಸುವುದಿಲ್ಲ. ಆದ್ದರಿಂದ ನಿಜವಾದ ಖರ್ಚು 0.6 ಯೂನಿಟ್ ಹತ್ತಿರ. ಅದೇ ನೀರು ಸಾವಿರ ಅಡಿಗೆ, ಅಂದರೆ 300 ಮೀಟರಿಗೆ ಇಳಿದರೆ 1.8 ಯೂನಿಟ್ ಬೇಕು. ಕಾವೇರಿಯ ದೊಡ್ಡ ಪಂಪ್‌ಗಳು ಇದಕ್ಕಿಂತ ಎಷ್ಟೋ ದಕ್ಷವಾಗಿರುವುದರಿಂದ 500 ಮೀಟರ್ ಎತ್ತುವುದಕ್ಕೆ ಅವು ಬಳಸುವ ವಿದ್ಯುತ್ತೂ ಹೆಚ್ಚುಕಡಿಮೆ ಇಷ್ಟೇ. ಅಂದರೆ ಸಾವಿರ ಅಡಿಗಿಳಿದ ಕೊಳವೆಬಾವಿ ನಿಮ್ಮ ಮನೆ ಮುಂದೆಯೇ ಇದ್ದರೂ, ವಿದ್ಯುತ್ ಲೆಕ್ಕದಲ್ಲಿ ಅದು ಕಾವೇರಿಯಷ್ಟೇ ದೂರ.

ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ಆಳದ ನೀರಿಗೆ ಸಾವಿರ ಲೀಟರಿಗೆ ಹನ್ನೊಂದು ರೂಪಾಯಿ ಬರೀ ಕರೆಂಟಿಗೆ ಹೋಯಿತು. ಆ ಬೇಸಿಗೆಯಲ್ಲಿ ಬೆಂಗಳೂರಿನ ಮನೆಬಳಕೆಯ ಮೊದಲ ಹಂತದ ದರ, ತಿಂಗಳಿಗೆ 8,000 ಲೀಟರ್‌ವರೆಗೆ, ಸಾವಿರ ಲೀಟರಿಗೆ ಏಳು ರೂಪಾಯಿ. ಹೊರವಲಯದ ಎಷ್ಟೋ ಕಡೆ ಸರ್ಕಾರಿ ಕೊಳವೆಬಾವಿಯ ನೀರು ಸಾರ್ವಜನಿಕ ನಲ್ಲಿಗೋ ಸಿಂಟೆಕ್ಸ್ ತೊಟ್ಟಿಗೋ ಹೋಗುತ್ತಿತ್ತು. ಅಲ್ಲಿ ಆ ಏಳು ರೂಪಾಯಿಯೂ ಇಲ್ಲ.

ಇದು ನೀರು ಸಿಕ್ಕಿದಾಗಿನ ಮಾತು. ಸಿಗದಿದ್ದರೆ ಮೋಟಾರ್ ಎತ್ತಬೇಕು, ಇನ್ನಷ್ಟು ಪೈಪು ಸೇರಿಸಿ ಕೆಳಗಿಳಿಸಬೇಕು, ಅದಕ್ಕೆ ಹೆಚ್ಚು ಅಶ್ವಶಕ್ತಿಯ ಮೋಟಾರ್, ಉದ್ದದ ಕೇಬಲ್, ಹೊಸ ಪ್ಯಾನೆಲ್ ಬೋರ್ಡ್. ಗಾಳಿಯ ಒತ್ತಡದಿಂದ ಹೂಳು ಹೊರಹಾಕುವ ಫ್ಲಶಿಂಗ್ ಮಾಡಿಸಿ ನೋಡಬೇಕು. ಅದೂ ಆಗದಿದ್ದರೆ ಹೊಸದಾಗಿ ಕೊರೆಸಬೇಕು. ಅದು ವಿಫಲವಾದರೂ ರಿಗ್ಗಿನವರಿಗೆ ಅಡಿಯ ಲೆಕ್ಕದಲ್ಲಿ ಹಣ ಕೊಡಲೇಬೇಕು. 2024ರ ಮಾರ್ಚ್‌ನಲ್ಲಿ ಸರ್ಕಾರ 313 ಕಡೆ ಹೊಸ ಕೊಳವೆಬಾವಿ ಕೊರೆಸಲು, ನಿಂತುಹೋಗಿದ್ದ 1,200ಕ್ಕೆ ಮತ್ತೆ ಜೀವ ಕೊಡಲು ತೀರ್ಮಾನಿಸಿತು. ನೀರಿನ ಸಮಸ್ಯೆ ನಿಭಾಯಿಸಲು ಒಟ್ಟಾರೆ 556 ಕೋಟಿ ರೂಪಾಯಿ ಎತ್ತಿಡಲಾಗಿದೆ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೇಳಿದರು.

ಬರದ ವರ್ಷ ತುರ್ತಾಗಿ ಕೊರೆಸಿದ ಕೊಳವೆಬಾವಿಯ ಬಗ್ಗೆ ನನಗಿರುವ ಬೇಸರ ಹಣಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಅದು ಹೊಸ ನೀರನ್ನು ಸೃಷ್ಟಿಸುವುದಿಲ್ಲ. ಅದೇ ಬಿರುಕುಗಳ ಜಾಲದಿಂದ, ಪಕ್ಕದವರಿಗಿಂತ ಇನ್ನೂರು ಅಡಿ ಕೆಳಗಿನಿಂದ ಎಳೆಯುತ್ತದೆ. ಸರ್ಕಾರಿ ಬೋರು ಕೊರೆಸಿದ ವಾರದಲ್ಲಿ ಅಕ್ಕಪಕ್ಕದ ಎರಡು ಮನೆಗಳ ಬೋರು ನಿಂತರೆ ಆ ಮನೆಯವರು ಮರುದಿನ ಅದೇ ಸರ್ಕಾರಿ ನೀರಿಗೆ ಬಿಂದಿಗೆ ಹಿಡಿದು ಬರುತ್ತಾರೆ. ಖರ್ಚೂ ಹೆಚ್ಚಿತು, ಬೇಡಿಕೆಯೂ ಹೆಚ್ಚಿತು, ನೀರು ಮಾತ್ರ ಇದ್ದಷ್ಟೇ.

ಹೆಚ್ಚು ಹಣ ಕೊಡುವವರಿಗೇ ಮೊದಲು ಕಡಿತ

ಆದಾಯದ ಕಥೆ ಇನ್ನಷ್ಟು ಸೂಕ್ಷ್ಮ. ಬೆಂಗಳೂರು ಜಲಮಂಡಳಿ ಬದುಕಿರುವುದು ಮಾರಿದ ನೀರಿನ ಮೇಲೆ. 2014ರ ದರಪಟ್ಟಿಯಲ್ಲಿ ಮನೆಬಳಕೆಗೆ ಸಾವಿರ ಲೀಟರಿಗೆ ಏಳು ರೂಪಾಯಿಯಿಂದ ಶುರುವಾಗಿ ಹನ್ನೊಂದು, ಇಪ್ಪತ್ತಾರು, ಮೇಲ್ಮಟ್ಟದಲ್ಲಿ ನಲವತ್ತೈದು. ವಾಣಿಜ್ಯ ಬಳಕೆಗೆ ಐವತ್ತರಿಂದ ಎಂಬತ್ತೇಳರವರೆಗೆ. ಏಳು ರೂಪಾಯಿಯ ಮನೆಯನ್ನು ಎಂಬತ್ತೇಳು ರೂಪಾಯಿಯ ಹೋಟೆಲು, ಮಾಲ್, ಕಚೇರಿ ಸಂಕೀರ್ಣಗಳು ಹೊತ್ತುಕೊಂಡಿದ್ದವು. ತತ್ತ್ವವಾಗಿ ಇದು ಸರಿಯಾದದ್ದೇ. ಬಡವರ ಮನೆಯ ಬಿಂದಿಗೆಗೆ ಹೋಟೆಲಿನ ಈಜುಕೊಳದ ದರ ಹಾಕಬಾರದು.

ಆದರೆ ಬರ ಬಂದಾಗ ಏನಾಗುತ್ತದೆ ನೋಡಿ. ಕುಡಿಯುವ ನೀರಿಗೆ ಆದ್ಯತೆ ಎನ್ನುವಾಗ ಮೊದಲ ಕತ್ತರಿ ಬೀಳುವುದು ದೊಡ್ಡ ಬಳಕೆದಾರರ ಮೇಲೆ. 2024ರಲ್ಲಿ ಮಂಡಳಿ ಭಾರಿ ಪ್ರಮಾಣದಲ್ಲಿ ನೀರು ಕೊಳ್ಳುವವರಿಗೆ ಹಂತಹಂತವಾಗಿ ಶೇ 20ರವರೆಗೆ ಕಡಿತ ಮಾಡಿತು. ಕಡಿತ ನ್ಯಾಯವಾದದ್ದು, ನಾನದನ್ನು ಒಪ್ಪುತ್ತೇನೆ. ಆದರೆ ಮೇಲಿನ ದರದ ಒಬ್ಬ ಗ್ರಾಹಕನ ಒಂದು ಲಕ್ಷ ಲೀಟರಿನಲ್ಲಿ ಇಪ್ಪತ್ತು ಸಾವಿರ ಲೀಟರ್ ಕಡಿದರೆ ಮಂಡಳಿಗೆ ತಪ್ಪುವುದು 1,740 ರೂಪಾಯಿ. ಅಷ್ಟು ಹಣವನ್ನು ಏಳು ರೂಪಾಯಿಯ ಹಂತದಿಂದ ದುಡಿಯಬೇಕಾದರೆ ಸುಮಾರು ಎರಡೂವರೆ ಲಕ್ಷ ಲೀಟರ್ ಮಾರಬೇಕು. ಉಳಿಸಿದ ನೀರಿನ ಹನ್ನೆರಡು ಪಟ್ಟು! ನ್ಯಾಯವಾದ ತೀರ್ಮಾನ ತೆಗೆದುಕೊಂಡಷ್ಟೂ ಸಂಸ್ಥೆಯ ಜೇಬಿಗೆ ತೂತು ಬೀಳುವಂಥ ವ್ಯವಸ್ಥೆಯನ್ನು ನಾವು ಕಟ್ಟಿಟ್ಟಿದ್ದೇವೆ.

ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ, ಕಟ್ಟಡ ಕಟ್ಟಲು ಬಳಸಿದರೆ 5,000 ರೂಪಾಯಿ ದಂಡ ಎಂದೂ ಆಗ ಆದೇಶವಾಯಿತು. ನಲ್ಲಿಗಳಿಗೆ ನೀರಿನ ಹರಿವು ತಗ್ಗಿಸುವ ಏರೇಟರ್ ಕಡ್ಡಾಯವಾಯಿತು. ಜನ ನಿಜಕ್ಕೂ ಉಳಿಸಿದರು. ಉಳಿಸಿದ ಪ್ರತಿ ಲೀಟರ್ ನಗರಕ್ಕೆ ಲಾಭ, ಮಂಡಳಿಯ ಬಿಲ್ಲಿನಲ್ಲಿ ನಷ್ಟ. ದಂಡದ ಹಣ ಇದನ್ನು ತುಂಬುವ ಮಾತೇ ಇಲ್ಲ.

ಇತ್ತ ಇಳಿಯದ ಖರ್ಚುಗಳಿವೆ. ಸಿಬ್ಬಂದಿಯ ಸಂಬಳ, ಶುದ್ಧೀಕರಣ ಘಟಕಗಳ ನಿರ್ವಹಣೆ, ಪೈಪುಗಳ ದುರಸ್ತಿ, ಕಾವೇರಿ ನೀರು ತರುವ ಯೋಜನೆಯ ಐದನೇ ಹಂತಕ್ಕೆ ಜಪಾನಿನ ನೆರವು ಸಂಸ್ಥೆ ಜೈಕಾದಿಂದ ಪಡೆದ ಸಾಲ. ಮಳೆ ಬಂತೋ ಇಲ್ಲವೋ, ಇವು ತಿಂಗಳ ಕೊನೆಗೆ ಬಂದೇ ಬರುತ್ತವೆ. ಖರ್ಚಿನ ದೊಡ್ಡ ಪಾಲು ನೀರಿನ ಪ್ರಮಾಣಕ್ಕೆ ಅಂಟಿಕೊಂಡಿಲ್ಲ. ಆದಾಯದ ಬಹುಪಾಲು ಪ್ರಮಾಣಕ್ಕೇ ಅಂಟಿಕೊಂಡಿದೆ. ರೋಗದ ಮೂಲ ಇಲ್ಲಿದೆ.

ಆ ಬೇಸಿಗೆಯಲ್ಲಿ ಜನ ನೀರಿಗೆ ಹಣ ಕೊಡಲಿಲ್ಲವೇ? ಕೊಟ್ಟರು, ಹಿಂದೆಂದಿಗಿಂತ ಹೆಚ್ಚು ಕೊಟ್ಟರು. 12,000 ಲೀಟರಿನ ಒಂದು ಲೋಡಿಗೆ ಎರಡು ಸಾವಿರ ರೂಪಾಯಿವರೆಗೆ ಹೋಗಿದ್ದಾಗ ಜಿಲ್ಲಾಡಳಿತ ಮಧ್ಯೆ ಬಂದು, ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ ಎಂದು ದರ ನಿಗದಿ ಮಾಡಿತು. ನಿಗದಿಯಾದ ದರದಲ್ಲೂ ಸಾವಿರ ಲೀಟರಿಗೆ ಎಂಬತ್ತಮೂರು ರೂಪಾಯಿ ಆಯಿತು. ಮಂಡಳಿಯ ಏಳು ರೂಪಾಯಿಗೆ ಹೋಲಿಸಿ ನೋಡಿ. ನಗರದಲ್ಲಿದ್ದ ಸುಮಾರು 3,500 ಟ್ಯಾಂಕರ್‌ಗಳಲ್ಲಿ ಆ ಹೊತ್ತಿಗೆ ನೋಂದಣಿಯಾಗಿದ್ದದ್ದು 219 ಮಾತ್ರ. ಆ ಟ್ಯಾಂಕರ್ ನೀರು ಬಂದದ್ದಾದರೂ ಎಲ್ಲಿಂದ? ನಗರದ ಅಂಚಿನ ಹಳ್ಳಿಗಳ ಕೊಳವೆಬಾವಿಗಳಿಂದ. ಅದೇ ಬಂಡೆ, ಅದೇ ಬಿರುಕು. ಸಾರ್ವಜನಿಕ ಸಂಸ್ಥೆಗೆ ಬಾರದ ಹಣ ಖಾಸಗಿಯವರಿಗೆ ಹೋಯಿತು, ಸಾರ್ವಜನಿಕರ ಅಂತರ್ಜಲವೂ ಅದರ ಜೊತೆಗೇ ಹೋಯಿತು. ಅತಿ ಹೆಚ್ಚು ದರ ಕೊಟ್ಟವರಲ್ಲಿ ಕಟ್ಟಡ ಕಾರ್ಮಿಕರ ಶೆಡ್ಡುಗಳ, ಒಂದು ಕೋಣೆಯ ಬಾಡಿಗೆ ಮನೆಗಳ ಜನರಿದ್ದರು. ಅವರಿಗೆ ಸಂಪಿಲ್ಲ, ಟ್ಯಾಂಕರ್ ತರಿಸಿಕೊಳ್ಳುವ ಜಾಗವಿಲ್ಲ. ಕ್ಯಾನು, ಡ್ರಮ್ಮಿನ ಲೆಕ್ಕದಲ್ಲಿ ಕೊಂಡರು.

ಹನ್ನೊಂದು ವರ್ಷದ ಹಿಂಜರಿಕೆ

2014ರ ನವೆಂಬರ್‌ನಲ್ಲಿ ಏರಿದ್ದ ನೀರಿನ ದರ ಮತ್ತೆ ಏರಿದ್ದು 2025ರ ಏಪ್ರಿಲ್‌ನಲ್ಲಿ. ನಡುವೆ ಮೂರು ಪಕ್ಷಗಳ ಮುಖ್ಯಮಂತ್ರಿಗಳು ಬಂದುಹೋದರು. ಯಾರೂ ಕೈ ಹಾಕಲಿಲ್ಲ. ಅಷ್ಟರಲ್ಲಿ ಮಂಡಳಿಯ ವಿದ್ಯುತ್ ವೆಚ್ಚ ದುಪ್ಪಟ್ಟಾಗಿತ್ತು. ದರ ಏರಿಸುವ ಹೊತ್ತಿಗೆ ತಿಂಗಳ ಖರ್ಚು ಸುಮಾರು 200 ಕೋಟಿ ರೂಪಾಯಿ, ಆದಾಯ ಸುಮಾರು 120 ಕೋಟಿ. ತಿಂಗಳು ತಿಂಗಳೂ 80 ಕೋಟಿ ರೂಪಾಯಿ ಕೊರತೆ ಎಂದು ಮಂಡಳಿ ಹೇಳಿತು. ಏರಿಕೆ ಎಷ್ಟು? ಮನೆಬಳಕೆಗೆ ಲೀಟರಿಗೆ 0.15 ಪೈಸೆಯಿಂದ ಒಂದು ಪೈಸೆಯವರೆಗೆ. ಅಂದರೆ ಸಾವಿರ ಲೀಟರಿಗೆ ಕೆಳಹಂತದಲ್ಲಿ ಒಂದೂವರೆ ರೂಪಾಯಿ, ಮೇಲ್ಹಂತದಲ್ಲಿ ಹತ್ತು ರೂಪಾಯಿ. ಜೊತೆಗೆ ಮುಂದೆ ಪ್ರತಿ ಏಪ್ರಿಲ್‌ಗೆ ಶೇ 3ರಷ್ಟು ಏರಿಕೆ.

ಏರಿಕೆಯ ವಿರುದ್ಧ ಕೂಗು ಎದ್ದಿತು. ಬಡಕುಟುಂಬಗಳ ಪರವಾಗಿ ಎದ್ದ ಕೂಗನ್ನು ನಾನು ಗೌರವಿಸುತ್ತೇನೆ. ಆದರೆ ಹನ್ನೊಂದು ವರ್ಷ ದರ ಏರಿಸದೆ ಇದ್ದುದರಿಂದ ಬಡವರಿಗೆ ಒಳ್ಳೆಯದಾಯಿತೇ? ಏಳು ರೂಪಾಯಿಯ ನೀರು ಸಿಕ್ಕಿದ್ದು ಪೈಪು ಇದ್ದವರಿಗೆ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ಕಾವೇರಿ ಐದನೇ ಹಂತದ ನೀರು ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಹದಿನೇಳು ವರ್ಷ. ಕೈಯಲ್ಲಿ ಹಣವಿಲ್ಲದ ಸಂಸ್ಥೆ ಪೈಪು ಹಾಕುವುದನ್ನು ತಡಮಾಡುತ್ತದೆ, ಸೋರಿಕೆ ಹುಡುಕುವುದನ್ನು ಮುಂದೂಡುತ್ತದೆ. ಪಂಪ್ ಮಾಡಿದ ನೀರಿನಲ್ಲಿ ಕಾಲುಭಾಗಕ್ಕೂ ಹೆಚ್ಚು ಇಂದಿಗೂ ಬಿಲ್ಲಿಗೆ ಬಾರದೆ ಹೋಗುತ್ತಿದೆ. ಹಾಗೆ ನಿಂತುಹೋದ ಪೈಪಿನ ಕೊನೆಯಲ್ಲಿ ಬದುಕುವವರೇ ಬಡವರು.

ಸೋರಿಕೆಯ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಹಳೆಯ ನಗರದಲ್ಲಿ ಅಂತರ್ಜಲ ಹೊರವಲಯದಷ್ಟು ಕುಸಿದಿಲ್ಲ. ಅದಕ್ಕೊಂದು ಕಾರಣ, ಕಾವೇರಿ ಪೈಪುಗಳಿಂದ ಸೋರಿದ ನೀರು ನೆಲಕ್ಕೆ ಇಂಗುವುದು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದನ್ನು ಹಿಂದೆಯೇ ತೋರಿಸಿದ್ದಾರೆ. 500 ಮೀಟರ್ ಎತ್ತಿ ತಂದ ನೀರು ನೆಲದಡಿಗೆ ಇಳಿದು, ಮತ್ತೆ ಯಾರದೋ ಮೋಟಾರಿನಿಂದ ಮೇಲೇರುತ್ತದೆ. ಸೋರಿಕೆ ನಿಲ್ಲಿಸಿದರೆ ಮಂಡಳಿಯ ಹಣ ಉಳಿಯುತ್ತದೆ, ಆದರೆ ಆ ಮರುಪೂರಣವೂ ನಿಲ್ಲುತ್ತದೆ. ಎರಡು ಲೆಕ್ಕಗಳನ್ನು ಬೇರೆಬೇರೆ ಪುಸ್ತಕದಲ್ಲಿ ಬರೆದರೆ ಇದು ಕಾಣುವುದೇ ಇಲ್ಲ. 2025ರಲ್ಲಿ ಇದೇ ಸಂಸ್ಥೆಯ ವಿಜ್ಞಾನಿಗಳೊಂದಿಗೆ ಸೇರಿ ಮಂಡಳಿ ಮಾಡಿಸಿದ ಅಧ್ಯಯನ 80 ವಾರ್ಡುಗಳನ್ನು ಅಪಾಯದಲ್ಲಿರುವ ಪ್ರದೇಶಗಳೆಂದು ಗುರುತಿಸಿತು. ಬೇಸಿಗೆಯಲ್ಲಿ ಅಂತರ್ಜಲ ನಗರದ ನಡುಭಾಗದಲ್ಲಿ ಐದು ಮೀಟರ್ ಕುಸಿದರೆ 110 ಹಳ್ಳಿಗಳಲ್ಲಿ 20ರಿಂದ 25 ಮೀಟರ್ ಕುಸಿಯಬಹುದು ಎಂದು ಹೇಳಿತು. ಬೇಸಿಗೆ ಬರುವ ಮೊದಲೇ ಇಂಥದ್ದೊಂದು ಅಂದಾಜು ಕೈಗೆ ಸಿಕ್ಕಿದ್ದು ದೊಡ್ಡ ಸಂಗತಿ. ಇದು ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಆಗಬೇಕು.

ಕೇಪ್‌ಟೌನ್‌ನಿಂದ ಕಲಿಯಬಹುದಾದದ್ದು, ಕೋಲಾರದಿಂದ ಕಲಿಯಬೇಕಾದದ್ದು

ಬರ ಮತ್ತು ಖಜಾನೆಯ ನಂಟನ್ನು ಕಣ್ಣಿಗೆ ಹೊಡೆಯುವಂತೆ ತೋರಿಸಿದ ನಗರ ದಕ್ಷಿಣ ಆಫ್ರಿಕಾದ ಕೇಪ್‌ಟೌನ್. 2018ರಲ್ಲಿ ನಲ್ಲಿಗಳೇ ನಿಂತುಹೋಗುವ ‘ಡೇ ಝೀರೊ’ ಭಯದಲ್ಲಿ ಅಲ್ಲಿನ ಜನ ಮೂರು ವರ್ಷದಲ್ಲಿ ಬಳಕೆಯನ್ನು ಅರ್ಧಕ್ಕಿಳಿಸಿದರು. ನಗರ ಉಳಿಯಿತು, ನೀರಿನ ಆದಾಯ ಕುಸಿಯಿತು. ಆ ವರ್ಷದ ಜುಲೈನಲ್ಲಿ ನಗರಾಡಳಿತ, ಬಳಸಿದ ನೀರಿನ ಜೊತೆಗೆ ಸಂಪರ್ಕದ ಪೈಪಿನ ಗಾತ್ರಕ್ಕೆ ತಕ್ಕಂತೆ ನಿಗದಿತ ಮಾಸಿಕ ಶುಲ್ಕವನ್ನೂ ಹಾಕಿತು. ಉಳಿಸಿದ್ದಕ್ಕೆ ನಮಗೆ ದಂಡವೇ ಎಂದು ಜನ ಸಿಟ್ಟಾದರು. ಅಷ್ಟರಲ್ಲಿ ಉಳ್ಳವರು ಸ್ವಂತ ಕೊಳವೆಬಾವಿ ಕೊರೆಸಿಕೊಂಡಿದ್ದರು. ಶುಲ್ಕದ ವಿನ್ಯಾಸ ಸರಿಯಾಗಿತ್ತು, ಬಂದ ಹೊತ್ತು ತಪ್ಪಾಗಿತ್ತು ಎಂದು ನನಗನ್ನಿಸುತ್ತದೆ. ನಿಗದಿತ ಶುಲ್ಕವನ್ನು ಮಳೆ ಚೆನ್ನಾಗಿರುವ ವರ್ಷ ತರಬೇಕು. ದೊಡ್ಡ ಮನೆಗೆ, ದೊಡ್ಡ ಪೈಪಿಗೆ ಹೆಚ್ಚು. ಸಣ್ಣ ಮನೆಗೆ ಹೆಸರಿಗೆ ಮಾತ್ರ. ಆ ಹಣದಲ್ಲಿ ಒಂದು ಪಾಲನ್ನು ಬರನಿಧಿ ಎಂದು ಬೇರೆಯೇ ಇಟ್ಟು, ತಾಲ್ಲೂಕು ಬರಪೀಡಿತವೆಂದು ಘೋಷಣೆಯಾದಾಗ ಮಾತ್ರ ಮುಟ್ಟಬೇಕು.

ಕೋಲಾರದ ಮಾತೇ ಬೇರೆ. ಶಾಶ್ವತ ನದಿಯಿಲ್ಲದ ಜಿಲ್ಲೆ. ಸಾವಿರ ಅಡಿ, ಸಾವಿರದೈನೂರು ಅಡಿ ಕೊರೆಸಿದವರ ಜಿಲ್ಲೆ. ಆಳಕ್ಕೆ ಹೋದಷ್ಟೂ ನೀರಿನಲ್ಲಿ ಫ್ಲೋರೈಡ್. ಹಳ್ಳಿಹಳ್ಳಿಗೆ ಶುದ್ಧ ನೀರಿನ ಘಟಕ ಬೇಕಾಯಿತು, ಅದರ ಮೆಂಬ್ರೇನು, ಕರೆಂಟು, ನಿರ್ವಹಣೆ ಎಲ್ಲವೂ ಪಂಚಾಯಿತಿಯ ತಲೆಗೆ ಬಂತು. ರಾಜ್ಯದ ಗ್ರಾಮ ಪಂಚಾಯಿತಿಗಳು ಮತ್ತು ನಗರ ಸಂಸ್ಥೆಗಳು ನೀರಿನ ಪಂಪು ಮತ್ತು ಬೀದಿದೀಪಗಳ ಬಾಬ್ತು ವಿದ್ಯುತ್ ಪೂರೈಕೆ ಕಂಪನಿಗಳಾದ ಎಸ್ಕಾಂಗಳಿಗೆ ಉಳಿಸಿಕೊಂಡಿರುವ ಬಾಕಿ ಸಾವಿರಾರು ಕೋಟಿ ರೂಪಾಯಿ. ಆ ಬಾಕಿಯ ಹಿಂದೆ ಕೆಳಕ್ಕಿಳಿದ ಮೋಟಾರ್‌ಗಳ ಸಾಲೇ ಇದೆ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ; ಯೋಜನೆಯ ಗಾತ್ರ ದಿನಕ್ಕೆ 44 ಕೋಟಿ ಲೀಟರ್. ಕೆರೆಗಳ ಸುತ್ತ ಅಂತರ್ಜಲ ಏರಿದೆ, ನಿಂತಿದ್ದ ಕೊಳವೆಬಾವಿಗಳು ಮರಳಿವೆ. ಮೂರನೇ ಹಂತದ, ಅಂದರೆ ಕೊನೆಯ ಸುತ್ತಿನ, ಸಂಸ್ಕರಣೆಯಾಗದೆ ಈ ನೀರು ಬಿಡುತ್ತಿರುವುದರ ಬಗ್ಗೆ ಅಲ್ಲಿನ ಹೋರಾಟಗಾರರ ಆತಂಕ ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಡಲೇಬೇಕು.

ಕೋಲಾರ ಸೀಮೆಯಲ್ಲಿ ಇನ್ನೂ ಬಳಕೆಯಲ್ಲಿರುವ ಒಂದು ಪದವಿದೆ, ನೀರುಗಂಟಿ. ಇಂದು ಪಂಚಾಯಿತಿಯಲ್ಲಿ ಮೋಟಾರ್ ಹಾಕಿ ನೀರು ಬಿಡುವವರನ್ನು ಹಾಗೆ ಕರೆಯುತ್ತಾರೆ. ಮೂಲದಲ್ಲಿ ಆ ಹೆಸರು ಕೆರೆಯ ತೂಬು ಕಾಯುವವರದ್ದು. ಮಳೆಗಾಲ ಮುಗಿದಾಗ ಕೆರೆಯಲ್ಲಿ ನೀರು ಎಲ್ಲಿಯವರೆಗೆ ನಿಂತಿದೆ ಎಂದು ನೋಡಿ, ಈ ಸಲ ಎಷ್ಟು ಗದ್ದೆಗೆ ಸಾಕು, ಭತ್ತವೋ ರಾಗಿಯೋ ಎಂದು ಊರ ಹಿರಿಯರ ಜೊತೆ ಕೂತು ತೀರ್ಮಾನಿಸುತ್ತಿದ್ದವರು ಅವರು. ಕೆರೆ ಅರ್ಧ ತುಂಬಿದ ವರ್ಷ ಎಲ್ಲರ ಗದ್ದೆಯಲ್ಲೂ ಅರ್ಧ ಭಾಗಕ್ಕೆ ಮಾತ್ರ ನೀರು. ಮೊದಲು ಇರುವುದನ್ನು ಅಳೆದು, ಆಮೇಲೆ ಹಂಚುವುದು. ಸಾವಿರ ಅಡಿಯ ಮೋಟಾರಿನ ಗುಂಡಿಯನ್ನು ನೀರುಗಂಟಿಯ ಕೈಗೆ ಕೊಟ್ಟಾಗ ನಾವು ಅವರಿಂದ ಅಳೆಯುವ ಅಧಿಕಾರವನ್ನು ಕಸಿದುಕೊಂಡೆವು.

ಬೆಂಗಳೂರಿನಲ್ಲಿ ಪ್ರತಿ ದೊಡ್ಡ ಬರ ನಗರವನ್ನು ಇನ್ನಷ್ಟು ದೂರದ ನೀರಿನ ಕಡೆಗೆ ಓಡಿಸಿದೆ. 1890ರ ದಶಕದಲ್ಲಿ ಹೆಸರಘಟ್ಟ ಬಂತು. 1925ರಲ್ಲಿ ಅದು ಬತ್ತಿತು. 1933ಕ್ಕೆ ತಿಪ್ಪಗೊಂಡನಹಳ್ಳಿ ಜಲಾಶಯ ಸಿದ್ಧವಾಯಿತು. 1974ರಲ್ಲಿ ಕಾವೇರಿ ಬಂತು. ಈಗ ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರ್ ಸೇರಿಸಿದೆ. ಇಷ್ಟು ನೀರು ಕೈಗೆ ಬಂದಿರುವ ಈ ಹೊತ್ತಿನಲ್ಲಿ ಹೊರವಲಯದ ಸರ್ಕಾರಿ ಕೊಳವೆಬಾವಿಗಳಿಗೆ ವಿಶ್ರಾಂತಿ ಕೊಡಬೇಕು, ಮುಚ್ಚಬಾರದು. ಮಳೆಯ ವರ್ಷಗಳಲ್ಲಿ ಅವು ತುಂಬಲಿ. ಬರದ ವರ್ಷ ತೆಗೆಯೋಣ. ಪ್ರತಿಯೊಂದಕ್ಕೂ ನೀರಿನ ಮಟ್ಟ ಅಳೆಯುವ ಸಾಧನ ಹಾಕಿ, ಅಂಕಿಗಳನ್ನು ವಾರ್ಡ್ ಕಚೇರಿಯ ಫಲಕದಲ್ಲಿ ಬರೆಯಬೇಕು. ದೊಡ್ಡ ಅಪಾರ್ಟ್‌ಮೆಂಟ್‌ಗಳ ಖಾಸಗಿ ಕೊಳವೆಬಾವಿಗೂ ಮೀಟರ್ ಬೇಕು. ಅಂತರ್ಜಲ ನಿಯಂತ್ರಣಕ್ಕೆ ರಾಜ್ಯದಲ್ಲಿ 2011ರಿಂದಲೇ ಕಾಯ್ದೆ ಇದೆ.

ಇದಕ್ಕೆ ಇರುವ ಅಡ್ಡಿ ಏನೆಂದು ಮೊದಲು ಹೇಳಿದ ಬಡಾವಣೆಯಲ್ಲೇ ಕಂಡೆ. 2024ರ ಮಳೆ ಚೆನ್ನಾಗಿ ಬಂತು, ಕೊಳವೆಬಾವಿಗಳಿಗೆ ಮತ್ತೆ ಜೀವ ಬಂತು. 2025ರಲ್ಲಿ ಕಾವೇರಿ ಸಂಪರ್ಕ ಪಡೆಯಿರಿ, ಶುಲ್ಕವನ್ನು ಕಂತಿನಲ್ಲಿ ಕಟ್ಟಬಹುದು ಎಂದು ಮಂಡಳಿ ಪ್ರಚಾರ ಮಾಡಿತು. ನಿವಾಸಿಗಳ ಸಂಘದ ಸಭೆ ಎರಡು ಗಂಟೆ ನಡೆಯಿತು. ಬೋರಿನಲ್ಲಿ ಪುಕ್ಕಟೆ ನೀರಿರುವಾಗ ಲಕ್ಷಗಟ್ಟಲೆ ಏಕೆ ಕಟ್ಟಬೇಕು ಎಂದರು ಕೆಲವರು. ಕಳೆದ ಮಾರ್ಚ್ ಮರೆತಿರಾ ಎಂದರು ಕೆಲವರು. ತೀರ್ಮಾನ ಮುಂದಿನ ಸಭೆಗೆ ಹೋಯಿತು.

ಸಭೆ ಮುಗಿಸಿ ಬರುವಾಗ ಪಂಪ್‌ಹೌಸ್‌ನಲ್ಲಿ ದೀಪ ಉರಿಯುತ್ತಿತ್ತು. ಪಕ್ಕದಲ್ಲಿ ಮೋಟಾರ್ ಎತ್ತಿದ ಹಳೆಯ ಬೋರೊಂದಿದೆ. ನೀರು ಬಿಡುವವರು ಅದರ ಮುಚ್ಚಳ ತೆಗೆದು, ದಾರಕ್ಕೆ ಕಟ್ಟಿದ ದೊಡ್ಡ ನಟ್ಟೊಂದನ್ನು ಒಳಗೆ ಬಿಡುತ್ತಿದ್ದರು. ದಾರಕ್ಕೆ ಹತ್ತು ಅಡಿಗೊಂದು ಗಂಟು. ನಟ್ಟು ನೀರಿಗೆ ತಾಗಿದ ಸದ್ದಿಗೆ ಕಿವಿಗೊಟ್ಟು, ಗಂಟು ಎಣಿಸಿ, ಒಳಹೋಗಿ ಸ್ಟಾರ್ಟರ್ ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದ ತಾರೀಕಿನ ಮುಂದೆ ಬರೆದರು: 210. ಅದರ ಮೇಲಿನ ಸಾಲಿನಲ್ಲಿ ಹಿಂದಿನ ತಿಂಗಳಿನದ್ದು ಇತ್ತು: 180.